ಬುಟ್ಟಿ ಮುಟ್ಟಿ ಮಾಡಿದ ಆಣೆ

ಶಾರ್ಕ್‌ಗಳಿರುವ ದ್ವೀಪಕ್ಕೆ ಹೋಗಬೇಕಾದರೆ ಎಲ್ಲಕ್ಕಿಂತ ಮೊದಲು ಬೇಕಾಗುವುದು ಪಾಸ್‌ಪೋರ್ಟಿನ ಫೋಟೋಕಾಪಿ. ಒಬ್ಬೊಬ್ಬರದು ಮೂರು ಮೂರು. ಅದರ ಜೊತೆಗೆ ಕೋಸ್ಟ್‌ಗಾರ್ಡ್‌ನವರಿಗೆ ಅರಬ್ಬಿಯಲ್ಲಿ ಟೈಪು ಮಾಡಿಸಿದ ಒಂದು ಪತ್ರ, ಅದರ ಕೆಳಗೆ ಕಂಪನಿಯ ದುಂಡು ಮೊಹರು. ಧೈರ್ಯ, ಸಾಹಸ ಇತ್ಯಾದಿಗಳೆಲ್ಲ ಆಮೇಲೆ. ಮೊಹರು ಸ್ವಲ್ಪ ಮಸುಕಾಗಿ ಬಿದ್ದರೂ ಸಾಕು, ಸಾಹಸಿಗಳೆಲ್ಲ ಸೀಬ್‌ನ ದಂಡೆಯಲ್ಲೇ ಕೂತು ಚಹಾ ಕುಡಿದು ಮನೆಗೆ ವಾಪಸ್ಸು. ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಮಸ್ಕತ್ತಿನಲ್ಲಿ ನಮ್ಮ ಕಂಪನಿಯ ಡೈವಿಂಗ್ ತಂಡದ ಪ್ರವಾಸಗಳನ್ನು ಹನ್ನೊಂದು ವರ್ಷ ಗೊತ್ತುಮಾಡಿದವನು ನಾನೇ. ದೋಣಿಗೆ ಹೇಳಿಡುವುದು, ಸಿಲಿಂಡರಿಗೆ ಗಾಳಿ ತುಂಬಿಸುವುದು, ಮಂಜುಗಡ್ಡೆ, ಬ್ರೆಡ್ಡು, ಕಿತ್ತಳೆ ಹಣ್ಣು, ಹೊಟ್ಟೆ ತೊಳಸಿದರೆ ನುಂಗುವ ಮಾತ್ರೆ, ಎಲ್ಲ ನನ್ನ ಕೆಲಸ. ಆ ಹನ್ನೊಂದು ವರ್ಷಗಳಲ್ಲಿ ಒಂದೇ ಒಂದು ಸಲವೂ ನಾನು ಕಡಲಿಗೆ ಇಳಿದಿರಲಿಲ್ಲ.

ಕಾರಣ ನನ್ನ ಅಮ್ಮ, ಮತ್ತು ಅವಳ ಮೀನಿನ ಬುಟ್ಟಿ. ಮಲ್ಪೆ ಕಡೆಯ ಮನೆ ನಮ್ಮದು. ಅಪ್ಪನೂ ಅಣ್ಣನೂ ದೋಣಿಯಲ್ಲಿ ಹೋಗುವವರು. ಅಮ್ಮ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿಯಲ್ಲಿ ಹೊತ್ತು, ಉಡುಪಿಯ ಮನೆಮನೆಗೆ ಮಾರುವವಳು. ನನ್ನನ್ನು ಬಿ.ಕಾಂ. ತನಕ ಓದಿಸಿದ್ದು ಆ ಬುಟ್ಟಿ. ಎಂಬತ್ತರ ದಶಕದ ಮೊದಲಲ್ಲಿ ಒಮಾನಿನಲ್ಲಿ ಕೆಲಸ ಸಿಕ್ಕಿತು ಎಂದಾಗ ಕೇರಿಯವರೆಲ್ಲ ಖುಷಿಪಟ್ಟರು. ಅಮ್ಮ ಮಾತ್ರ ಒಂದು ಪ್ರಶ್ನೆ ಕೇಳಿದಳು. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಲ್ಲಿ ಕಡಲು ಉಂಟಾ?"

"ಉಂಟು."

ಅಂಗಳದಲ್ಲಿ ಒಣಗಲು ಕವುಚಿ ಹಾಕಿದ್ದ ಬುಟ್ಟಿಯನ್ನು ತಂದು ನನ್ನ ಮುಂದೆ ಇಟ್ಟಳು. "ಇದನ್ನು ಮುಟ್ಟಿ ಹೇಳು. ಕಡಲಿಗೆ ಇಳಿಯುವುದಿಲ್ಲ ಅಂತ."

"ಅಮ್ಮಾ, ನಾನು ಹೋಗುವುದು ಆಫೀಸಿಗೆ."

"ಆಫೀಸಿಗೇ ಹೋಗು. ಅದಕ್ಕೇ ಓದಿಸಿದ್ದು. ಈ ಮನೆಯಿಂದ ಕಡಲಿಗೆ ಇಬ್ಬರು ಸಾಕು. ಮುಟ್ಟು."

ಮುಟ್ಟಿದೆ. ದೇವರ ಮುಂದೆ ಮಾಡಿದ ಆಣೆಯಾದರೆ ತಪ್ಪುಕಾಣಿಕೆ ಹಾಕಿ ಪಾರಾಗಬಹುದು. ಬುಟ್ಟಿಗೆ ತಪ್ಪುಕಾಣಿಕೆ ಎಂಬುದಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ರೂವಿಯ ಆಫೀಸಿನಲ್ಲಿ ನನಗೆ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ. ಅಲ್ಲಿನ ಮುಖ್ಯ ಎಂಜಿನಿಯರ್ ಒಬ್ಬ ಬ್ರಿಟಿಷ್ ಸಾಹೇಬ. ಆರಡಿ ಎತ್ತರ, ಬಿಸಿಲಿಗೆ ಸುಟ್ಟು ಸದಾ ಕೆಂಪಗಿರುವ ಮೂಗು. ವಾರವಿಡೀ ಕಾಂಕ್ರೀಟು, ಶುಕ್ರವಾರ ಬಂದರೆ ಕಡಲು. ನಾನು ಸೇರಿ ಮೂರು ತಿಂಗಳಾಗಿತ್ತು. ಒಂದು ದಿನ ಬಂದವನೇ ನನ್ನ ಮೇಜಿನ ಮೇಲೆ ಕಡಲಿನ ನಕ್ಷೆಯೊಂದನ್ನು ಹರಡಿ, ಕೆಲವು ಚುಕ್ಕೆಗಳ ಮೇಲೆ ಬೆರಳಿಟ್ಟ. ಜಪಾನಿನಿಂದ ಪೈಪುಗಳನ್ನು ಹೇಳಿದ ದಿನಕ್ಕೆ ತರಿಸುತ್ತೀಯಲ್ಲ, ನಮ್ಮನ್ನು ಈ ದ್ವೀಪಗಳಿಗೆ ಹೇಳಿದ ದಿನಕ್ಕೆ ತಲುಪಿಸು ನೋಡೋಣ ಎಂದ. ಅವೇ ದೈಮಾನಿಯಾತ್ ದ್ವೀಪಗಳು. ಸೀಬ್‌ನ ದಂಡೆಯಿಂದ ದೋಣಿಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಅಲ್ಲಿ ಮನೆಯಿಲ್ಲ, ಮರವಿಲ್ಲ, ಕುಡಿಯಲು ನೀರಿಲ್ಲ. ಕಲ್ಲು, ಹಕ್ಕಿ, ಆಮೆ, ಸುತ್ತಮುತ್ತ ಶಾರ್ಕ್, ಇಷ್ಟೇ. ಇಂಥ ಜಾಗಕ್ಕೆ ಜನ ರಜೆಯ ದಿನ ಯಾಕೆ ಹೋಗುತ್ತಾರೆ ಎಂದು ಮೊದಮೊದಲು ನನಗೂ ಅರ್ಥವಾಗುತ್ತಿರಲಿಲ್ಲ.

ಆದರೆ ಕೆಲಸ ಕೆಲಸವೇ. ಒಂದು ನೀಲಿ ಫೈಲು ತೆರೆದೆ. ಮುಂದಿನ ವರ್ಷಗಳಲ್ಲಿ ಅದು ನಾಲ್ಕು ಫೈಲಾಯಿತು. ಉತ್ತರದ ಗಾಳಿಗೆ ಅಲ್ಲಿಯವರು ಶಮಾಲ್ ಎನ್ನುತ್ತಾರೆ. ಅದು ಎದ್ದರೆ ಎರಡು ಮೂರು ದಿನ ದೋಣಿಯ ಮಾತೇ ಇಲ್ಲ. ಹಾಗಾಗಿ ಬುಧವಾರದಿಂದಲೇ ಸೀಬ್‌ನ ನಖೋದಾಗೆ, ಅಂದರೆ ನಮ್ಮ ದೋಣಿ ನಡೆಸುವವನಿಗೆ, ಫೋನಿನ ಮೇಲೆ ಫೋನು. ಅವನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಆಕಾಶ ನೋಡಿ ಹೇಳುವ ಅವನ ಮಾತು ರೇಡಿಯೋದ ಹವಾಮಾನಕ್ಕಿಂತ ಎಷ್ಟೋ ವಾಸಿ. ಸಾಹೇಬನಿಗೆ ಒಮ್ಮೆ ಒಮಾನಿನ ಉತ್ತರ ತುದಿಯ ಖಸಬ್‌ನ ಕಡೆಯ ಕಡಲನ್ನೂ ನೋಡುವ ಆಸೆಯಾಯಿತು. ರಸ್ತೆಯಲ್ಲಿ ಹೋದರೆ ನಡುವೆ ಇನ್ನೊಂದು ದೇಶ ದಾಟಬೇಕು, ಒಬ್ಬೊಬ್ಬರ ಕಫೀಲನಿಂದಲೂ, ಅಂದರೆ ವೀಸಾ ಕೊಡಿಸಿದ ಧಣಿಯಿಂದಲೂ, ಒಪ್ಪಿಗೆ ಪತ್ರ ಬೇಕು. ಎರಡು ತಿಂಗಳು ಓಡಾಡಿ ಎಲ್ಲ ಕಾಗದ ಸೇರಿಸಿದಾಗ ಸಾಹೇಬನಿಗೆ ನೆಗಡಿ. ಮೂಗು ಕಟ್ಟಿದವರು ಡೈವ್ ಮಾಡುವ ಹಾಗಿಲ್ಲ, ಕಿವಿ ಹೋಗುತ್ತದೆ. ಆ ದಿನ ನಾನು ಅವನನ್ನು ಮನಸ್ಸಿನಲ್ಲೇ ತುಳುವಿನಲ್ಲಿ ಬೈದದ್ದು ಅವನಿಗೆ ಗೊತ್ತಾಗದಿದ್ದದ್ದು ಒಳ್ಳೆಯದೇ ಆಯಿತು.

ತಂಡದಲ್ಲಿ ನನಗೆ ನಿಜವಾಗಿ ಹೆಸರು ಬಂದದ್ದು ಮೂಗಿನಿಂದ. ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರ್ ನಮ್ಮ ಗೋಡೌನಿನ ಹಿಂದೆ ಇತ್ತು. ಅದು ಗಾಳಿ ಎಳೆದುಕೊಳ್ಳುವ ಬಾಯಿಯ ಹತ್ತಿರ ಯಾವುದಾದರೂ ಲಾರಿ ಎಂಜಿನ್ ಚಾಲೂ ಇಟ್ಟು ನಿಂತರೆ ಡೀಸೆಲ್ ಹೊಗೆಯೂ ಒಳಗೆ ಹೋಗುತ್ತದೆ. ನೆಲದ ಮೇಲೆ ಅದು ತಲೆನೋವು, ನೀರಿನ ಕೆಳಗೆ ಅದೇ ಹೊಗೆ ಪ್ರಾಣಕ್ಕೆ ಎರವು. ಹಾಗಾಗಿ ಹೊರಡುವ ಮುಂಚೆ ಒಂದೊಂದು ಸಿಲಿಂಡರಿನ ಬಾಯಿಯನ್ನೂ ಒಂದು ಚೂರು ತಿರುಗಿಸಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಮೂಸುತ್ತಿದ್ದೆ. ಬಾಲ್ಯವಿಡೀ ಅಮ್ಮನ ಬುಟ್ಟಿಯಲ್ಲಿ ಯಾವ ಮೀನು ಬೆಳಗ್ಗಿನದು, ಯಾವುದು ನಿನ್ನೆಯದು ಎಂದು ಮೂಸಿಯೇ ಹೇಳಿದವನು ನಾನು. ಒಂದು ಸಲ ಮೂರು ಸಿಲಿಂಡರ್‌ಗಳನ್ನು ಬದಿಗೆ ಇಟ್ಟೆ. ಸಾಹೇಬನಿಗೆ ಏನೂ ವಾಸನೆ ಬರಲಿಲ್ಲ. ಆಮೇಲೆ ವಿಚಾರಿಸಿದರೆ ತುಂಬುವಾಗ ಹಿಂದೆ ನೀರಿನ ಟ್ಯಾಂಕರ್ ಎಂಜಿನ್ ಆರಿಸದೆ ನಿಂತಿತ್ತು. ಅಂದಿನಿಂದ ನಾನು ಮೂಸದ ಗಾಳಿಯನ್ನು ತಂಡದಲ್ಲಿ ಯಾರೂ ಉಸಿರಾಡಲಿಲ್ಲ. ಇದನ್ನು ಹೇಳುವಾಗ ಈಗಲೂ ನನಗೆ ಸ್ವಲ್ಪ ಜಂಬ ಬರುತ್ತದೆ, ಬರಲಿ.

ಜಂಬದ ಜೊತೆಗೆ ಸಿಟ್ಟೂ ಇತ್ತು. ಬೆಳಗ್ಗೆ ಐದೂಮುಕ್ಕಾಲು ಎಂದರೆ ಐದೂಮುಕ್ಕಾಲೇ. ಐದು ನಿಮಿಷ ತಡವಾಗಿ ಬಂದವರ ಚೀಲವನ್ನು ನಾನು ದೋಣಿಯ ಅತ್ಯಂತ ಒದ್ದೆ ಜಾಗದಲ್ಲಿ ಇಡುತ್ತಿದ್ದೆ. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ಮನೆ ಮಾಡಿದ್ದ ಮೈಸೂರಿನ ಎಂಜಿನಿಯರ್ ಒಬ್ಬರು ಮಾತ್ರ ಪ್ರತಿ ಸಲ ತಡ. ಮೊಟ್ಟೆ ಸಹ ಮುಟ್ಟದ ಮನುಷ್ಯ, ಆದರೆ ಶಾರ್ಕ್ ಎಂದರೆ ಪ್ರಾಣ. ನನ್ನ ಆಣೆಯ ವಿಷಯ ತಂಡಕ್ಕೆಲ್ಲ ಗೊತ್ತಿತ್ತು, ಒದ್ದೆ ಚೀಲ ಎತ್ತಿಕೊಳ್ಳುತ್ತಾ ನನ್ನನ್ನೇ ಕಿಚಾಯಿಸುತ್ತಿದ್ದರು.

"ಏನ್ರೀ, ಇವತ್ತಾದ್ರೂ ಇಳೀತೀರಾ? ಇಲ್ಲಾ ಅಮ್ಮ ಬೈತಾರಾ?"

"ಅಮ್ಮ ಬೈತಾರೆ ಸಾರ್," ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಒಳಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಅವರು ಒಬ್ಬೊಬ್ಬರಾಗಿ ಬೆನ್ನು ಹಿಂದೆ ಮಾಡಿ ಧುಡುಂ ಎಂದು ಬಿದ್ದು ಮಾಯವಾಗುವುದು, ಮುಕ್ಕಾಲು ಗಂಟೆ ಕಳೆದು ಎದ್ದು ಬಂದು ಎಲ್ಲರೂ ಒಟ್ಟಿಗೇ ಮಾತಾಡುವುದು, ಕೈ ಅಗಲಿಸಿ ಇಷ್ಟು ದೊಡ್ಡದು, ಅಷ್ಟು ದೊಡ್ಡದು ಎನ್ನುವುದು. ನಾನು ಅವರಿಗೆ ಕಿತ್ತಳೆ ಹಣ್ಣು ಸುಲಿದು ಕೊಡುವುದು. ಕೊನೆಗೆ ತಡೆಯಲಾರದೆ ಒಂದು ಉಪಾಯ ಮಾಡಿದೆ. ಐದು ಲೀಟರಿನ ಎಣ್ಣೆ ಡಬ್ಬದ ಮೇಲನ್ನೂ ತಳವನ್ನೂ ಕತ್ತರಿಸಿ, ತಳಕ್ಕೆ ದಪ್ಪ ಗಾಜು ಕೂರಿಸಿ, ಸುತ್ತ ಸೋರದ ಹಾಗೆ ಅಂಟು ಬಳಿದೆ. ದೋಣಿಯ ಅಂಚಿನಿಂದ ಬಗ್ಗಿ ಗಾಜಿನ ತಳವನ್ನು ನೀರಿಗೆ ಒತ್ತಿ, ಮೇಲಿನಿಂದ ಮುಖ ಇಟ್ಟರೆ ಕೆಳಗಿನದೆಲ್ಲ ಕಾಣುತ್ತದೆ. ಮರಳಿನ ಮೇಲೆ ಮಲಗಿ ನಿದ್ದೆ ಮಾಡುವ ಚುಕ್ಕೆಯ ದೊಡ್ಡ ಶಾರ್ಕ್, ರೆಕ್ಕೆಯ ತುದಿಗೆ ಮಸಿ ತಾಗಿದ ಹಾಗಿರುವ ಸಣ್ಣ ಜಾತಿಯದು, ಎಲ್ಲವನ್ನೂ ನಾನು ಮೊದಲು ನೋಡಿದ್ದು ಆ ಡಬ್ಬದಲ್ಲಿ. ನೀರಿಗೆ ತಾಗಿದ್ದು ಡಬ್ಬ ಮಾತ್ರ. ಆಣೆಗೆ ಏನೂ ಆಗಿಲ್ಲ ಎಂದು ನನ್ನ ವಾದ.

ಸಾಹೇಬ ನನ್ನನ್ನು ಬಿಡಲಿಲ್ಲ. ಈಜುಕೊಳಕ್ಕೆ ನಿನ್ನ ಅಮ್ಮನ ತಕರಾರು ಇದೆಯೇ ಎಂದು ಕೇಳಿದ. ಯೋಚಿಸಿ ನೋಡಿದೆ, ಇಲ್ಲ. ಎರಡು ಚಳಿಗಾಲ ಸಂಜೆ ಹೊತ್ತು ಕೊಳದಲ್ಲಿ ಸಿಲಿಂಡರ್ ಕಟ್ಟಿ, ಉಸಿರಾಡಲು ಕಲಿಸಿ, ಮೂಗು ಸೇರಿಸಿ ಮುಖಕ್ಕೆ ಬಿಗಿಯುವ ಡೈವಿಂಗ್ ಕನ್ನಡಕದ ಒಳಗೆ ನೀರು ಹೊಕ್ಕರೆ ತೆಗೆಯಲು ಕಲಿಸಿ, ನೀನು ತಯಾರಾಗಿದ್ದೀ ಎಂದು ಬೆನ್ನು ತಟ್ಟಿದ. ಈ ಆಣೆ ಒಂದು ಇಲ್ಲದಿದ್ದರೆ ನಾನು ಇವರೆಲ್ಲರಿಗಿಂತ ಕೆಳಗೆ ಹೋಗುತ್ತಿದ್ದೆ ಎಂದು ಮನೆಯಲ್ಲಿ ಹೆಂಡತಿಯ ಹತ್ತಿರ ಎಷ್ಟು ಸಲ ಹೇಳಿದ್ದೇನೋ. ಅವಳು ಬಟ್ಟೆ ಮಡಚುತ್ತಾ ಹೂಂ ಎನ್ನುತ್ತಿದ್ದಳು.

ತೊಂಬತ್ತರ ದಶಕ ಶುರುವಾಗಿ ಎರಡು ಮೂರು ವರ್ಷಗಳಾಗಿದ್ದಾಗ ಅಮ್ಮ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಸೀಬ್‌ನ ನಮ್ಮ ಮನೆಗೆ ಬಂದಳು. ಬಂದ ಮರುದಿನವೇ ಸೂಕಿನ, ಅಂದರೆ ಅಲ್ಲಿನ ಮಾರುಕಟ್ಟೆಯ, ಮೀನುಪೇಟೆಗೆ ಹೊರಟಳು. ಅರಬ್ಬಿ ಬಾರದು, ಹಿಂದಿ ಬಾರದು. ಮೀನಿನ ಕಿವಿರು ಎತ್ತಿ ನೋಡಿ, ವ್ಯಾಪಾರಿಯ ಮುಖ ನೋಡಿ, ಒಂದು ಸಲ ತುಟಿ ಓರೆ ಮಾಡಿದರೆ ಮುಗಿಯಿತು. ಮೂರನೇ ದಿನಕ್ಕೆ ಅವಳನ್ನು ದೂರದಲ್ಲಿ ಕಂಡ ಕೂಡಲೇ ಅವರು ಒಳಗಿಟ್ಟ ತಾಜಾ ಮೀನನ್ನು ಹೊರಗೆ ತೆಗೆಯತೊಡಗಿದರು. ಒಂದು ವಾರ ಎಲ್ಲ ಸುಖವಾಗಿ ನಡೆಯಿತು. ಆಮೇಲೆ ಶುಕ್ರವಾರ ಬಂತು.

"ರಜೆ ದಿನ ಬೆಳಗ್ಗೆ ಐದಕ್ಕೆ ಎಲ್ಲಿಗೆ ಹೊರಟದ್ದು?"

"ಆಫೀಸ್ ಕೆಲಸ," ಎಂದೆ.

ಸಂಜೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ನನ್ನನ್ನು ಹಿಡಿದಳು. "ಅತ್ತೆಗೆ ಹೇಳಿಬಿಡಿ ಮಾರಾಯ್ರೆ. ನಾನು ಎಷ್ಟು ಸಲ ಆಫೀಸ್ ಆಫೀಸ್ ಅಂತ ಹೇಳುವುದು? ಆಫೀಸಿಂದ ಬಂದವರ ಕೂದಲಲ್ಲಿ ಉಪ್ಪು ಇರ್ತದಾ?"

ಸರಿ, ಹೇಳಿದೆ. ಪೂರ್ತಿ ಹೇಳಲು ಧೈರ್ಯ ಸಾಲದೆ ಅರ್ಧ ಹೇಳಿದೆ. ಆಫೀಸಿನವರನ್ನು ಕರೆದುಕೊಂಡು ಒಂದು ದ್ವೀಪಕ್ಕೆ ಹೋಗುವುದು, ಅಲ್ಲಿ ತುಂಬ ತಾಟೆ ಇವೆ, ಅವರು ಇಳಿಯುತ್ತಾರೆ, ನಾನು ದೋಣಿಯಲ್ಲೇ ಕೂರುತ್ತೇನೆ. ಶಾರ್ಕಿಗೆ ನಮ್ಮಲ್ಲಿ ತಾಟೆ ಎನ್ನುತ್ತಾರೆ. ಬೈಗುಳ ಬೀಳುತ್ತದೆ ಎಂದು ಕಾದೆ. ಅಮ್ಮನ ಮುಖ ಅರಳಿತು.

"ತಾಟೆಯಾ? ದೊಡ್ಡದಾ, ಮರಿಯಾ?"

"ಎರಡೂ ಉಂಟು."

"ಬರುವ ವಾರ ನಾನೂ ಬರ್ತೇನೆ."

ಇಂಗ್ಲಿಷ್ ಶಾಲೆಗೆ ಹೋಗುವ ಮಗಳು ಅಜ್ಜಿಯ ಕೈ ಹಿಡಿದು, "ಅಜ್ಜೀ, ಆರಂಟ್ ಯೂ ಸ್ಕೇರ್ಡ್?" ಎಂದು ಕೇಳಿದಳು. ನಾನು ತುಳುವಿಗೆ ತಿರುಗಿಸಿದೆ. ಹೆದರುವುದು ಎಂತದಕ್ಕೆ, ನೀನು ಹುಟ್ಟಿದಾಗ ನಿನ್ನ ಅಮ್ಮನಿಗೆ ಹಾಲು ಬರಲಿ ಅಂತ ನಾನು ನಲವತ್ತು ದಿನ ಮರಿತಾಟೆ ಬೇಯಿಸಿ ಹಾಕಿದ್ದು ಎಂದಳು ಅಮ್ಮ. ಮಗಳು ಆ ದಿನ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಅಲ್ಲಿಗಾದರೂ ನನಗೆ ಬುದ್ಧಿ ಬರಬೇಕಿತ್ತು. ಹನ್ನೊಂದು ವರ್ಷ ಹಗ್ಗದ ಉದ್ದದಿಂದ ಮಾತ್ರೆಯ ತನಕ ಎಲ್ಲವನ್ನೂ ಮುಂಚೆಯೇ ಯೋಚಿಸಿದವನಿಗೆ ನನ್ನ ಅಮ್ಮನ ತಲೆಯಲ್ಲಿ ಏನಿದೆ ಎಂದು ಯೋಚಿಸಬೇಕೆಂದು ತೋಚಲಿಲ್ಲ. ಶುಕ್ರವಾರ ಬೆಳಗ್ಗೆ ಅವಳು ನನಗಿಂತ ಮೊದಲೇ ಎದ್ದು, ಸ್ನಾನ ಮಾಡಿ, ಚೀಲ ಹಿಡಿದು ಬಾಗಿಲಲ್ಲಿ ಕೂತಿದ್ದಳು. ಸಮಯಕ್ಕೆ ಬಂದವರ ಚೀಲವನ್ನು ನಾನು ಬಿಚ್ಚಿ ನೋಡುವುದಿಲ್ಲ, ಅದು ನನ್ನ ನಿಯಮ.

ದಂಡೆಯಲ್ಲಿ ಸಾಮಾನನ್ನು ಎರಡು ದೋಣಿಗಳಿಗೆ ಏರಿಸುವಾಗ ಸಾಹೇಬ ಪ್ರೀತಿಯಿಂದ ಅವಳ ಚೀಲ ಎತ್ತಿದ. ಚೀಲ ಠಣ್ಣೆಂದಿತು. ಇದರಲ್ಲಿ ಏನಿದೆ ಎಂದು ನಗುತ್ತಾ ಕೇಳಿದ. ಅಮ್ಮ ಹೆಮ್ಮೆಯಿಂದ ಒಂದೊಂದಾಗಿ ತೆಗೆದು ತೋರಿಸಿದಳು. ದೊಡ್ಡ ಪಾತ್ರೆ. ಮೀನಿನ ಕತ್ತಿ. ಹುಳಿ. ಸ್ಟೀಲ್ ಡಬ್ಬದಲ್ಲಿ ಮೆಣಸು, ಕೊತ್ತಂಬರಿ, ಮೆಂತೆ ಹುರಿದು ತೆಂಗಿನಕಾಯಿಯ ಜೊತೆ ನುಣ್ಣಗೆ ಅರೆದ ಕೆಂಪು ಮಸಾಲೆ, ಹತ್ತು ಜನರಿಗೆ ಸಾಲುವಷ್ಟು.

"ಇವರು ಹಿಡಿದು ತಂದರೆ ಅಲ್ಲಿಯೇ ಬೇಯಿಸುವಾ," ಎಂದಳು. "ತಾಟೆ ತಡ ಮಾಡಿದರೆ ವಾಸನೆ ಬರ್ತದೆ."

ನಾನು ಇಂಗ್ಲಿಷಿಗೆ ತಿರುಗಿಸಿದೆ. ಸಾಹೇಬನ ಮೂಗಿನ ಕೆಂಪು ಇಡೀ ಮುಖಕ್ಕೆ ಹರಡಿತು. ಮೈಸೂರಿನವರು ಆ ಕತ್ತಿಯನ್ನೇ ನೋಡುತ್ತಾ ಎರಡು ಹೆಜ್ಜೆ ಹಿಂದೆ ಸರಿದರು. ನಖೋದಾ ಮಾತ್ರ ಡಬ್ಬದ ಮುಚ್ಚಳ ತೆಗೆದು ಮೂಸಿ, "ವಾಹ್ ಮಾಜೀ," ಎಂದು ಎದೆಯ ಮೇಲೆ ಕೈ ಇಟ್ಟುಕೊಂಡ. ಅವನ ಮನೆಯಲ್ಲೂ ಶಾರ್ಕ್ ಎಂದರೆ ಉಪ್ಪು ಹಾಕಿ ಒಣಗಿಸುವ ಪದಾರ್ಥವೇ.

"ಹಿಡಿಯುವುದಿಲ್ಲ ಅಮ್ಮಾ. ಇವರು ಹೋಗುವುದು ನೋಡ್ಲಿಕ್ಕೆ."

"ನೋಡಿ?"

"ನೋಡಿ ವಾಪಸ್ ಬರುವುದು."

ಅಮ್ಮ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ಇಷ್ಟು ಓದಿದವರು ಇಷ್ಟು ಕಬ್ಬಿಣ ಬೆನ್ನಿಗೆ ಕಟ್ಟಿಕೊಂಡು ಮೀನನ್ನು ನೋಡಿ ಬರಲು ಹೋಗುತ್ತಾರೆ ಎಂಬುದು ಅವಳಿಗೆ ಹಿಡಿಸಲಿಲ್ಲ. ಆದರೂ ಮಸಾಲೆ ಡಬ್ಬವನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ದೋಣಿ ಹತ್ತಿದಳು. "ಯಲ್ಲಾ," ಎಂದ ನಖೋದಾ, ಹೊರಡೋಣ ಎಂದು.

ದ್ವೀಪದ ಹತ್ತಿರ ಲಂಗರು ಹಾಕಿದಾಗ ಕಡಲು ಕನ್ನಡಿಯಾಗಿತ್ತು. ನಾನು ಎಂದಿನಂತೆ ನನ್ನ ಗಾಜಿನ ಡಬ್ಬವನ್ನು ನೀರಿಗೆ ಒತ್ತಿ ಬಗ್ಗಿದೆ. ಕೆಳಗೆ ಮಸಿ ರೆಕ್ಕೆಯದೊಂದು ಬಂಡೆಯ ಸುತ್ತ ತಿರುಗುತ್ತಿತ್ತು. "ಅಮ್ಮಾ, ಇಲ್ಲಿ ನೋಡು," ಎಂದು ಡಬ್ಬವನ್ನು ಅವಳ ಕೈಗೆ ಕೊಟ್ಟೆ. ಅವಳು ಮುಖ ಇಟ್ಟಳು. ಇಟ್ಟವಳು ಎತ್ತಲೇ ಇಲ್ಲ. ಸಾಹೇಬ ಸೊಂಟಕ್ಕೆ ಸೀಸದ ಪಟ್ಟಿ ಕಟ್ಟಿಕೊಂಡ, ಮೈಸೂರಿನವರು ಕನ್ನಡಕಕ್ಕೆ ಉಗುಳಿ ತೊಳೆದರು, ಅಮ್ಮ ಹಾಗೆಯೇ ಇದ್ದಳು. ಬೆನ್ನು ನೋಯುತ್ತದೆ ಏಳು ಎಂದೆ. ಕೇಳಿಸಲಿಲ್ಲ.

ಕೊನೆಗೆ ತಲೆ ಎತ್ತಿದಾಗ ಅವಳ ಹಣೆಯ ಮೇಲೆ ಡಬ್ಬದ ಅಂಚಿನ ಗೀರು ಮೂಡಿತ್ತು.

"ನಲವತ್ತು ವರ್ಷ ಮಾರಿದೆ ಮಗಾ. ತಲೆ ಬೇರೆ, ಬಾಲ ಬೇರೆ ಮಾಡಿ ಮಾರಿದೆ. ಅದು ಹೀಗೆ ತಿರುಗ್ತದೆ ಅಂತ ಗೊತ್ತೇ ಇರಲಿಲ್ಲ." ಡಬ್ಬವನ್ನು ನನ್ನ ಕೈಗೆ ಕೊಟ್ಟು ಕೇಳಿದಳು. "ನೀನು ಕೆಳಗೆ ಹೋಗಿ ನೋಡಿದ್ದೀಯಾ?"

"ಇಲ್ಲ. ಆಣೆ ಉಂಟಲ್ಲ."

"ಇಷ್ಟು ವರ್ಷ ಇವರನ್ನೆಲ್ಲ ಕಳಿಸಿ ನೀನು ಮೇಲೆ ಕೂತದ್ದಾ?"

"ಮತ್ತೆ?"

ನನ್ನ ತಲೆಗೆ ಒಂದು ಮೊಟಕಿದಳು. "ನಾನು ಹೇಳಿದ್ದು ಹಿಡಿಯಲಿಕ್ಕೆ ಹೋಗಬೇಡ ಅಂತ. ನೋಡ್ಲಿಕ್ಕೆ ಹೋಗಬೇಡ ಅಂತ ಯಾರು ಹೇಳಿದ್ದು? ಇಳಿ. ಸರಿಯಾಗಿ ನೋಡಿ ಬಂದು ನನಗೆ ಹೇಳು."

ಏನು ಹೇಳಿದರು ಎಂದು ಎಲ್ಲರೂ ಕೇಳಿದರು. ಹೇಳಿದೆ. ದೋಣಿ ಮಗುಚುವಷ್ಟು ಗದ್ದಲವಾಯಿತು. ಹೆಚ್ಚುವರಿ ಸಿಲಿಂಡರ್ ಒಂದನ್ನು ತರುವ ನಿಯಮ ನನ್ನದೇ, ಅದನ್ನೇ ತಂದು ನನ್ನ ಬೆನ್ನಿಗೆ ಕಟ್ಟಿದರು. ಸಾಹೇಬನೇ ಪಟ್ಟಿಗಳನ್ನು ಬಿಗಿದ. ಆ ಗಾಳಿಯನ್ನು ನಾನೇ ಮೂಸಿದ್ದೆ, ಪಟ್ಟಿಗಳನ್ನು ನಾನೇ ತರಿಸಿದ್ದೆ, ಯಾವುದರಲ್ಲೂ ತಪ್ಪು ಹುಡುಕಲು ಇರಲಿಲ್ಲ. ದೋಣಿಯ ಅಂಚಿನಲ್ಲಿ ಕಡಲಿಗೆ ಬೆನ್ನು ಹಾಕಿ ಕೂತೆ. ಸಾಹೇಬ ಒಂದು, ಎರಡು, ಮೂರು ಎಂದ.

ನಾನು ಬೀಳಲಿಲ್ಲ.

ಎಲ್ಲರೂ ನಕ್ಕರು. ಮತ್ತೆ ಒಂದು, ಎರಡು, ಮೂರು. ನನ್ನ ಎರಡು ಕೈಗಳೂ ಅಂಚನ್ನು ಹಿಡಿದುಕೊಂಡಿದ್ದವು, ಬಿಡು ಎಂದರೆ ಬಿಡುತ್ತಿರಲಿಲ್ಲ. ಹಿಂದೆ ತಿರುಗಿ ನೋಡಿದೆ. ನೀರು ಅಷ್ಟು ತಿಳಿಯಾಗಿತ್ತು, ತಳ ಕಾಣುತ್ತಿತ್ತು, ತಳ ಬಹಳ ಕೆಳಗಿತ್ತು. ಆಗ ನನಗೆ ಗೊತ್ತಾಯಿತು. ಕೊಳದ ತಳಕ್ಕೆ ಹೋಗಿ ಬಂದವನಿಗೆ ಕಡಲೆಂದರೆ ಭಯ. ಮೊದಲಿನಿಂದಲೂ ಭಯ. ಹನ್ನೊಂದು ವರ್ಷ ಬೈದುಕೊಂಡೇ ಇಟ್ಟುಕೊಂಡಿದ್ದ ಆ ಆಣೆಯ ಮರೆಯಲ್ಲಿ ನಾನು ಬಚ್ಚಿಟ್ಟುಕೊಂಡಿದ್ದೆ. ಮೀನುಗಾರರ ಮನೆಯಲ್ಲಿ ಹುಟ್ಟಿ, ಇಷ್ಟೆಲ್ಲ ಜಂಬ ಕೊಚ್ಚಿ, ಈಗ ಇವರ ಮುಂದೆ ಹೇಗೆ ಹೇಳುವುದು?

ಹೆದರಿದಾಗ ನಾನು ಎಡಗಿವಿ ಮುಟ್ಟಿಕೊಳ್ಳುತ್ತೇನೆ, ಚಿಕ್ಕಂದಿನಿಂದಲೂ. ಹೇಗೋ ಒಂದು ಕೈ ಅಂಚನ್ನು ಬಿಟ್ಟು ಕಿವಿಗೆ ಹೋಯಿತು. ಅದನ್ನು ನೋಡಿದ್ದು ಒಬ್ಬಳೇ. ಅಮ್ಮ ಓಲಾಡುವ ದೋಣಿಯಲ್ಲಿ ಏನನ್ನೂ ಹಿಡಿಯದೆ ಎದ್ದು ನಿಂತಳು.

"ಬೇಡ! ಬೇಡ! ಬಿಚ್ಚಿ ಅದನ್ನು!" ಬಂದರಿನ ಹರಾಜಿನಲ್ಲಿ ಕೂಗುವ ದನಿ ಅದು, ದ್ವೀಪದ ಹಕ್ಕಿಗಳೆಲ್ಲ ಎದ್ದವು. "ಆಣೆ ಆಣೆಯೇ. ನನಗೆ ತಲ್ಲಣ ಆಗ್ತದೆ. ನನ್ನ ಮಗನನ್ನು ನಾನು ಇಳಿಸುವುದಿಲ್ಲ."

ಮಾತು ಯಾರಿಗೂ ತಿಳಿಯದಿದ್ದರೂ ಅರ್ಥ ಎಲ್ಲರಿಗೂ ಆಯಿತು. ಸಾಹೇಬ ನಿಟ್ಟುಸಿರು ಬಿಟ್ಟು ಪಟ್ಟಿ ಸಡಿಲಿಸಿದ. "ಪಾಪ, ಹಳೇ ಕಾಲದವರು, ಬಿಡಿ, ಬೇಜಾರು ಮಾಡ್ಕೋಬೇಡಿ," ಎಂದು ಮೈಸೂರಿನವರು ನನ್ನ ಭುಜ ತಟ್ಟಿದರು. ನಾನು ಬೇಜಾರಾದವನ ಹಾಗೆ ತಲೆ ತಗ್ಗಿಸಿದೆ. ಅಮ್ಮ ನನ್ನ ಕಡೆ ನೋಡಲೂ ಇಲ್ಲ. ಮಸಾಲೆ ಡಬ್ಬವನ್ನು ಮತ್ತೆ ಸೆರಗಿನಲ್ಲಿ ಸುತ್ತುತ್ತಾ ಕೂತಳು. ಧುಡುಂ, ಧುಡುಂ ಎಂದು ಅವರೆಲ್ಲ ಹೋದರು.

ಅವರ ಮೇಲೆ ಕಣ್ಣಿಡಲು ಎರಡನೆಯ ದೋಣಿಯನ್ನೂ ಅದರ ಆಳನ್ನೂ ಅಲ್ಲಿಯೇ ಬಿಟ್ಟು, ನಖೋದಾ ನಮ್ಮಿಬ್ಬರನ್ನು ಊಟದ ಸಾಮಾನಿನ ಜೊತೆ ದ್ವೀಪದ ಮರಳಿಗೆ ತಂದು ಇಳಿಸಿದ. ದಾರಿಯಲ್ಲಿ ಅವನ ಗಾಳಕ್ಕೆ ಒಳ್ಳೆಯ ಅಂಜಲ್ ಮೀನು ಸಿಕ್ಕಿತ್ತು. ಅಮ್ಮ ಅದನ್ನು ಕತ್ತರಿಸಿ, ಮೂರು ಕಲ್ಲು ಹೂಡಿ, ಅಲೆ ತಂದು ಹಾಕಿದ್ದ ಕಟ್ಟಿಗೆಗೆ ಬೆಂಕಿ ಕೊಟ್ಟು, ಪಾತ್ರೆ ಏರಿಸಿ, ಮಸಾಲೆ ಸುರಿದಳು. ಬೆಂಕಿ ನೋಡಿಕೊಳ್ಳುತ್ತೇನೆ ಎಂದು ನಖೋದಾ ಸನ್ನೆ ಮಾಡಿದ. ಅಮ್ಮ ಕೈ ತೊಳೆದು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ನೇರ ನೀರಿಗೆ ನಡೆದಳು. ಆ ಕಡೆ ಕಡಲು ಆಳವಿಲ್ಲ, ಸೊಂಟದ ತನಕ ಮಾತ್ರ. ಅಲ್ಲಿಂದ ತಿರುಗಿ ಕೈ ಚಾಚಿದಳು.

"ಬಲ," ಎಂದಳು. ಬಾ ಎಂದು. "ಇಲ್ಲಿ ಯಾರೂ ಇಲ್ಲ."

ಹೋದೆ. ಕನ್ನಡಕ ಹಾಕಿಕೊಂಡು, ಉಸಿರಾಟದ ಕೊಳವೆ ಕಚ್ಚಿಕೊಂಡು, ನಲವತ್ತರ ಹತ್ತಿರದ ಗಂಡಸು ಅಮ್ಮನ ಕೈ ಗಟ್ಟಿಯಾಗಿ ಹಿಡಿದು ಮುಖವನ್ನು ಕಡಲಿಗೆ ಇಟ್ಟೆ. ಮೊದಲು ಕಂಡದ್ದು ಮರಳು. ಆಮೇಲೆ ಎರಡು ಪಾದಗಳು. ಒಡೆದ ಹಿಮ್ಮಡಿ, ಸವೆದ ಕಾಲುಂಗುರ, ಬಂದರಿನಿಂದ ಉಡುಪಿಗೆ ನಡೆದು ನಡೆದು ಅಗಲವಾದ ಬೆರಳುಗಳು. ಆ ಪಾದಗಳ ಸುತ್ತ ಮೊಳದುದ್ದದ ಮೂರು ಮರಿತಾಟೆಗಳು, ರೆಕ್ಕೆಯ ತುದಿಯಲ್ಲಿ ಮಸಿ, ತಮ್ಮ ಪಾಡಿಗೆ ಸುತ್ತು ಹಾಕುತ್ತಿದ್ದವು. ಒಂದು ಅವಳ ಮೀನಖಂಡಕ್ಕೆ ತಾಗಿಕೊಂಡೇ ಹೋಯಿತು. ಅವಳ ಕಾಲು ಅಲುಗಲಿಲ್ಲ. ನನ್ನ ಭಯ ಹೋಯಿತು ಎಂದು ಹೇಳಲಾರೆ. ಆದರೆ ಮುಖ ಎತ್ತಲು ಮನಸ್ಸಾಗಲಿಲ್ಲ.

ನಾನು ಬಹಳ ಹೊತ್ತು ಏಳದ್ದನ್ನು ನೋಡಿ ಅಮ್ಮನೇ ಕೈ ಎಳೆದು ಎಬ್ಬಿಸಿದಳು. "ಎಂತ ಕಾಣ್ತದೆ?"

"ನಿನ್ನ ಕಾಲು."

"ನನ್ನ ಕಾಲು ನೋಡ್ಲಿಕ್ಕೆ ಇಷ್ಟು ದೂರ ಬಂದದ್ದಾ?" ಎಂದು ನಕ್ಕಳು. ನನಗೆ ಅಳು ಬಂತು. ಮುಖವೆಲ್ಲ ಉಪ್ಪುನೀರಾಗಿದ್ದರಿಂದ ಅದು ಗೊತ್ತಾಗುವ ಹಾಗಿರಲಿಲ್ಲ. ಮತ್ತೆ ಮುಖ ಇಟ್ಟೆ.

ಡೈವ್ ಮುಗಿಸಿ ಬಂದ ತಂಡಕ್ಕೆ ದೂರದಿಂದಲೇ ಸಾರಿನ ಪರಿಮಳ ಹೋಗಿತ್ತು. ಸಾಹೇಬ ಮಸಾಲೆಯ ವಿಷಯದಲ್ಲಿ ಬೆಳಗ್ಗಿನ ಅಭಿಪ್ರಾಯವನ್ನು ಬದಲಿಸಿ ಮೂರು ಸಲ ಹಾಕಿಸಿಕೊಂಡ. ಮೈಸೂರಿನವರು ಮೊಸರನ್ನದ ಡಬ್ಬ ಬಿಚ್ಚಿ ಗಾಳಿಗೆ ಎದುರಾಗಿ ದೂರ ಕೂತರು. ಅಲ್ಲಿಂದಲೇ ನನ್ನನ್ನು ನೋಡಿದರು. ನನ್ನ ಕೂದಲಿನಿಂದ ನೀರು ಇಳಿಯುತ್ತಿತ್ತು. ಹಣೆಯಿಂದ ಮೇಲ್ದುಟಿಯ ತನಕ ಕನ್ನಡಕದ ರಬ್ಬರಿನ ಗುರುತು ದುಂಡಗೆ ಕೆಂಪಗೆ ಎದ್ದಿತ್ತು. ಹನ್ನೊಂದು ವರ್ಷ ಅವರ ಮುಖಗಳಲ್ಲಿ ನಾನು ನೋಡಿದ್ದ ಗುರುತು ಅದು.

"ಏನ್ರೀ ಇದು?" ಎಂದು ಮೈಸೂರಿನವರು ಊಟ ನಿಲ್ಲಿಸಿದರು. ಸಾಹೇಬನೂ ತಲೆ ಎತ್ತಿದ.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಸೌಟು ಎತ್ತಿ ಗಟ್ಟಿಯಾಗಿ, ಖಡಾಖಂಡಿತವಾಗಿ ಏನೋ ಹೇಳಿದಳು. ಹೇಳಿ, ನನ್ನ ತಟ್ಟೆಗೆ ಅಂಜಲಿನ ನಡುತುಂಡು ಹಾಕಿದಳು. ಅವಳ ಸೀರೆ ಸೊಂಟದ ತನಕ ಒದ್ದೆಯಾಗಿತ್ತು.

"ಅಮ್ಮ ಏನಂತಾರ್ರೀ?"

"ನಾನು ನೀರಿಗೆ ಇಳೀಲೇ ಇಲ್ಲ ಅಂತಾರೆ ಸಾರ್," ಎಂದೆ. ಆಮೇಲೆ ಅದನ್ನೇ ಸಾಹೇಬನಿಗಾಗಿ ಇಂಗ್ಲಿಷಿನಲ್ಲೂ ಹೇಳಿದೆ.